ಮುಳ್ಳು ಕೆಳಗೇ ಇತ್ತು

ಬಸವಕಿರಣನ ಕಾರು ಮಚ್ಚೇಂದ್ರನ ಶೆಡ್ಡಿಗೆ ಬಂದು ಹನ್ನೆರಡು ದಿನವಾಗಿತ್ತು. ಅಷ್ಟೂ ದಿನ ಮಚ್ಚೇಂದ್ರ ಅದರ ಬಾನೆಟ್ ಎತ್ತಿರಲಿಲ್ಲ. ಬೇರೆ ಗಾಡಿಗಳ ಕೆಲಸಕ್ಕೆ ಕೂತಾಗಲೂ ಅದಕ್ಕೆ ಬೆನ್ನು ಕೊಟ್ಟೇ ಕೂರುತ್ತಿದ್ದ. ಕಾರು ಎದ್ದು ಬಂದು ಕಾಲರ್ ಹಿಡಿಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ಆದರೂ ಹೆದರಿಕೆ ಹೋಗಿರಲಿಲ್ಲ. ಇವತ್ತು ಶುಕ್ರವಾರ. ಭಾನುವಾರ ಕಿರಣನ ಊರು ನಿರ್ಣಾಕ್ಕೆ ಹೋಗಿ ನಾಲ್ಕು ಜನರ ಮುಂದೆ ಉತ್ತರ ಕೊಡಬೇಕಾಗಿತ್ತು. ಹಾಗಾಗಿ ಎತ್ತಲೇಬೇಕಾಯಿತು.

ನಡೆದದ್ದು ಇಷ್ಟು. ಕಿರಣ ಇಪ್ಪತ್ತಾರರ ಹುಡುಗ. ಹುಮನಾಬಾದ್ ಮತ್ತು ಬಸವಕಲ್ಯಾಣದ ನಡುವೆ ತನ್ನ ಏಳು ಸೀಟಿನ ಹಳೆಯ ಡೀಸೆಲ್ ಕಾರಿನಲ್ಲಿ ಜನರನ್ನು ಸಾಗಿಸುತ್ತಿದ್ದ. ರೇಡಿಯೇಟರ್ ತೂತಾಗಿತ್ತು. ಹುಮನಾಬಾದಿನ ಸೈಫುದ್ದೀನ್ ಉಸ್ತಾದ್ ಅದಕ್ಕೆ ನೀರು ತಣಿಸುವ ಹೊಸ ಜಾಲಿ ಕೂರಿಸಿ ಕೊಟ್ಟ. ಕಲ್ಯಾಣದ ಹೆದ್ದಾರಿ ಬದಿಯ ಈ ಶೆಡ್ಡಿನಲ್ಲಿ ಮಚ್ಚೇಂದ್ರ ಅದನ್ನು ಜೋಡಿಸಿ, ಹೊಸ ಪೈಪು, ಹೊಸ ಥರ್ಮೋಸ್ಟಾಟ್ ಹಾಕಿ ಸೋಮವಾರ ಕಳಿಸಿದ. ಅದೇ ವಾರದ ಶುಕ್ರವಾರ ರಾಜೇಶ್ವರ ಊರು ದಾಟಿದ ಮೇಲೆ ಬಾನೆಟ್ಟಿನಿಂದ ಹಬೆ ಬಂತು. ಕಿರಣ ಗಾಡಿ ಬದಿಗೆ ಹಾಕಿ ಶಾಖದ ಮೀಟರ್ ನೋಡಿದ. ಮುಳ್ಳು ಕೆಳಗೇ, ತಣ್ಣನೆಯ ಗೆರೆಯ ಮೇಲೇ ಇತ್ತು. ಅವನು ರೇಡಿಯೇಟರಿನ ಮುಚ್ಚಳದ ಮೇಲೆ ಬಟ್ಟೆ ಹಾಕಿ ತಿರುಗಿಸಿದ. ಕುದಿಯುವ ನೀರು ಎದ್ದು ಮುಖಕ್ಕೆ ಹೊಡೆಯಿತು. ಹೈದರಾಬಾದಿನ ದವಾಖಾನೆಯಲ್ಲಿ ಹತ್ತು ದಿನ ಇಟ್ಟುಕೊಂಡು, ಎರಡೂ ಕಣ್ಣು ಇನ್ನು ಬರುವುದಿಲ್ಲ ಎಂದು ಹೇಳಿ ಮನೆಗೆ ಕಳಿಸಿದರು.

ಮುಚ್ಚಳ ತೆಗೆದಾಗ ಬಂದ ನೀರು ಕೆಂಪಗಿತ್ತು ಎಂದು ಕಾರಿನಲ್ಲಿದ್ದವರು ಹೇಳಿದರು. ಕೆಂಪು ನೀರೆಂದರೆ ತುಕ್ಕು, ತುಕ್ಕೆಂದರೆ ಸೈಫುದ್ದೀನ್ ಹಳೆಯ ಮಾಲು ಹಾಕಿದ್ದಾನೆ ಎಂದು ಕೆಲವರು. ಜೋಡಿಸಿದವನ ಕೈಯೇ ಸರಿಯಿಲ್ಲ ಎಂದು ಉಳಿದವರು. ಕಾರಿನ ಬಗ್ಗೆ ಏನೂ ಗೊತ್ತಿಲ್ಲದವರು ಎರಡೂ ಹೇಳಿದರು. ಕೊನೆಗೆ ಕಿರಣನ ಸೋದರಮಾವ ಬಕ್ಕಪ್ಪ ಶೆಡ್ಡಿಗೆ ಬಂದ. ಕೊಡಂಬಲದಲ್ಲಿ ಹೊಲಮನೆ ಇರುವ ಕುಳ, ಹುಮನಾಬಾದ್ ಲೈನಿನ ಡ್ರೈವರುಗಳೆಲ್ಲ ಅವನ ಮಾತಿಗೆ ತಲೆ ಬಾಗುತ್ತಾರೆ. ಅವನು ಕೂರಲಿಲ್ಲ, ಚಹಾ ಬೇಡ ಎಂದ.

“ಇಂಜಿನ್ ಕುದಿಯಾಕತ್ತಿತ್ತು, ಮುಳ್ಳು ತಣ್ಣಗ ಅದ ಅಂತ ತೋರಿಸ್ತು. ಹ್ಯಾಂಗ? ಇದಕ್ಕ ಜವಾಬು ಬೇಕು ಮಚ್ಚೇಂದ್ರ. ಮುದುಕಂದು ಗಲ್ತಿನೋ, ನಿಂದೋ, ಐತಾರ ಬಂದು ಹೇಳು. ನಿಂದ ಆಗಿತ್ತಂದ್ರ ಈ ಲೈನಿನ ಒಂದು ಗಾಡಿನೂ ನಿನ್ನ ಕಡಿ ಬರಂಗಿಲ್ಲ.”

ಲೈನಿನ ಗಾಡಿ ಹೋದರೆ ಶೆಡ್ಡಿನಲ್ಲಿ ಉಳಿಯುವುದು ಎರಡು ಟ್ರ್ಯಾಕ್ಟರು ಮತ್ತು ಬಾಗಿಲಲ್ಲಿ ಮಲಗುವ ನಾಯಿ. ಇಪ್ಪತ್ತೆರಡು ವರ್ಷ ಗ್ರೀಸಿನಲ್ಲಿ ಕೈ ಅದ್ದಿ ಕಟ್ಟಿದ ಹೆಸರು ಅದು. ಅದಕ್ಕೆ ಅವನು ಹೆದರಿದ್ದು ನಿಜ. ಆದರೆ ಅವನ ನಿದ್ದೆ ತಿಂದದ್ದು ಬೇರೆಯೇ ಇತ್ತು. ಮುಚ್ಚಳ ತೆಗೆದು ಕೈ ಸುಟ್ಟುಕೊಂಡವರನ್ನು ನೋಡಿ ನೋಡಿ, ಬಂದ ಡ್ರೈವರಿಗೆಲ್ಲ ಅವನು ಒಂದು ಮಾತು ಹೇಳಿ ಕಳಿಸುತ್ತಿದ್ದ: “ಮುಳ್ಳು ಕೆಳಗ ಇಳಿಯೂತನ ಮುಚ್ಚಳಾ ಮುಟ್ಟಬ್ಯಾಡ್ರಿ.” ಕಿರಣನಿಗಂತೂ ಹತ್ತು ಸಲ ಹೇಳಿದ್ದ. ಆ ಹುಡುಗ ಹೇಳಿದ್ದನ್ನು ಕೇಳುವವನು. ಅವತ್ತೂ ಕೇಳಿದ.

ಇನ್ನೊಂದಿತ್ತು. ಅದನ್ನು ಮಚ್ಚೇಂದ್ರ ಯಾರಿಗೂ ಹೇಳಿರಲಿಲ್ಲ. ಆ ಶುಕ್ರವಾರಕ್ಕೆ ಎರಡು ದಿನ ಮೊದಲು, ಬುಧವಾರ, ಕಿರಣ ಶೆಡ್ಡಿಗೆ ಬಂದಿದ್ದ.

“ಮಿಸ್ತ್ರಿ, ಮುಳ್ಳು ಏಳವಲ್ದು. ಕಲ್ಯಾಣದಿಂದ ಹುಮನಾಬಾದ್ ಮುಟ್ಟಿದ್ರೂ ಕೆಳಗೇ ಕುಂತಿರ್ತದ.”

ಮಚ್ಚೇಂದ್ರ ಸೆನ್ಸರಿನ ವೈರ್ ಎಳೆದು ಇಂಜಿನ್ನಿನ ಕಬ್ಬಿಣಕ್ಕೆ ಮುಟ್ಟಿಸಿದ್ದ. ಮುಳ್ಳು ಸರಕ್ಕನೆ ಕೆಂಪು ಗೆರೆಗೆ ಹಾರಿತ್ತು. ಅಂದರೆ ವೈರ್ ಸರಿ, ಮೀಟರ್ ಸರಿ, ಉಳಿದದ್ದು ಸೆನ್ಸರ್.

“ಸೆನ್ಸರ್ ಮಂದ ಆಗ್ಯಾದ. ಶನಿವಾರ ಹೊಸಾದು ತರಸ್ತೀನಿ. ಅಲ್ಲಿತನ ಓಡಿಸು, ಏನೂ ಆಗಂಗಿಲ್ಲ. ಪೈಪಿನ ಬುಡಕ ಜರಾ ಸೋರಾಕತ್ತಿತ್ತಲ್ಲ, ಅದು?”

“ಅದು ತಾನೇ ನಿಂತದ ಮಿಸ್ತ್ರಿ.”

ಹೊಸ ಪೈಪು ಒಂದೆರಡು ದಿನ ಹನಿ ಬಿಡುತ್ತದೆ, ಆಮೇಲೆ ಬಂದರೆ ಕ್ಲಿಪ್ ಇನ್ನೊಂದು ಸುತ್ತು ಬಿಗಿ ಮಾಡುತ್ತೇನೆ ಎಂದು ಸೋಮವಾರ ಮಚ್ಚೇಂದ್ರನೇ ಹೇಳಿದ್ದ. ತಾನೇ ನಿಂತಿತು ಎಂದ ಕೂಡಲೇ ಖುಷಿಯಾಯಿತು. ಕಬ್ಬಿನ ಟ್ರ್ಯಾಕ್ಟರಿನವನು ಹೊರಗೆ ಹಾರ್ನ್ ಹೊಡೆದು ಪ್ರಾಣ ತಿನ್ನುತ್ತಿದ್ದ. ಸೆನ್ಸರ್ ಬಿಚ್ಚಿ ನೋಡಲು ಐದು ನಿಮಿಷ ಸಾಕಿತ್ತು. ಆ ಐದು ನಿಮಿಷವನ್ನು ಅವನು ಟ್ರ್ಯಾಕ್ಟರಿಗೆ ಕೊಟ್ಟ.

ಈಗ ಅವನು ಬಾನೆಟ್ ಎತ್ತಿದ. ಮೊದಲು ಮತ್ತೆ ವೈರನ್ನೇ ಮುಟ್ಟಿಸಿ ನೋಡಿದ. ಮುಳ್ಳು ಹಾರಿತು. ಆಮೇಲೆ ಥರ್ಮೋಸ್ಟಾಟ್ ಬಿಚ್ಚಿದ. ಹೆಂಡತಿ ದ್ರೌಪತಿ ಹಿಂದಿನ ಮನೆಯಿಂದ ಗ್ಯಾಸಿನ ಒಲೆ, ಹಳೆಯ ಡಬರಿ ತಂದುಕೊಟ್ಟಳು. ಚಹಾದ ಡಬರಿ ಕೇಳಿದ್ದಕ್ಕೆ ಅದನ್ನು ಕೊಡಲಿಲ್ಲ. ಕುದಿಯುವ ನೀರಿನಲ್ಲಿ ಥರ್ಮೋಸ್ಟಾಟ್ ಹೊತ್ತಿಗೆ ಸರಿಯಾಗಿ ಬಾಯಿ ತೆರೆಯಿತು. ಅದರದೂ ತಪ್ಪಲ್ಲ. ರೇಡಿಯೇಟರಿನಲ್ಲಿ ಉಳಿದಿದ್ದ ನೀರನ್ನು ಬಕೆಟ್ಟಿಗೆ ಇಳಿಸಿದ. ಜನ ಹೇಳಿದ ಹಾಗೆ ಕೆಂಪುಗಂದು ಬಣ್ಣದ ರಾಡಿ. ಪಾಪ, ಮುದುಕ ಸೈಫುದ್ದೀನನೇ ಕೈಬಿಟ್ಟನೇನೋ ಎಂದು ಒಂದು ಕ್ಷಣ ಅನ್ನಿಸಿತು. ಹಾಗನ್ನಿಸಿದಾಗ ಎದೆ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯೂ ಆಯಿತು.

ಕೊನೆಗೆ ಸೆನ್ಸರಿಗೆ ಪಾನಾ ಹಾಕಿದ. ಅದು ಸುಲಭಕ್ಕೆ ತಿರುಗಲಿಲ್ಲ. ಹೊರಗೆ ಬಂದಾಗ ಅದರ ತುದಿ ಕಾಣುತ್ತಲೇ ಇರಲಿಲ್ಲ. ಬೆರಳುಗಾತ್ರದ ಕಂದು ಹೆಂಟೆ ಅದನ್ನು ನುಂಗಿಕೊಂಡಿತ್ತು. ಸೆನ್ಸರ್ ಕೂರುವ ತೂತೂ ಹಾಗೇ ಹೂತು ಹೋಗಿತ್ತು, ನೀರು ಅದನ್ನು ಮುಟ್ಟುವ ದಾರಿಯೇ ಇರಲಿಲ್ಲ. ಅದೇ ರಾಡಿ ನೀರು ಹರಿಯುವ ದಾರಿಗಳನ್ನೂ ಕಟ್ಟಿ ಇಂಜಿನ್ ಕುದಿಸಿತ್ತು, ಸೆನ್ಸರಿಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಅವನು ಸ್ಕ್ರೂಡ್ರೈವರಿನಿಂದ ಹೆಂಟೆ ಒಡೆದ. ಮೇಲೆ ಕಂದು ಇದ್ದದ್ದು ಒಳಗೆ ಹಳದಿ ಇತ್ತು.

ತುದಿ ಕೆರೆದು ತೊಳೆದು, ಸೆನ್ಸರನ್ನು ವೈರಿಗೆ ಸಿಕ್ಕಿಸಿ, ಕುದಿಯುವ ಡಬರಿಯಲ್ಲಿ ಅದ್ದಿದ. ಮುಳ್ಳು ನಿಧಾನಕ್ಕೆ ಎದ್ದು ಕೆಂಪಿನ ಹತ್ತಿರ ನಿಂತಿತು. ಹಳೆಯ ಸೆನ್ಸರ್ ಮಂದವೂ ಆಗಿರಲಿಲ್ಲ, ಏನೂ ಆಗಿರಲಿಲ್ಲ.

ದ್ರೌಪತಿ ಹೆಂಟೆಯ ಚೂರನ್ನು ಮೂಸಿ ನೋಡಿದಳು. “ಇದು ಅರಿಶಿಣ ಅಲ್ಲೇನ್ರಿ?”

ಮಚ್ಚೇಂದ್ರ ಅಲ್ಲೇ ಟೈರಿನ ಮೇಲೆ ಕೂತುಬಿಟ್ಟ. ಯಾರು ಹಾಕಿದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಎರಡು ವರ್ಷದ ಹಿಂದೆ ಕಿರಣನ ತಾಯಿ ತುಳಜಾಬಾಯಿ ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಹೊರಟಿದ್ದಳು. ಕಾರು ಆಗಷ್ಟೇ ರಿಪೇರಿಯಾಗಿತ್ತು, ದಾರಿಯಲ್ಲಿ ಏನಾದರೂ ಆದರೆ ಇರಲಿ ಎಂದು ಕಿರಣ ಮಚ್ಚೇಂದ್ರನನ್ನೂ ಕರೆದ. ದೇವರ ನಂಬಿಕೆ ಇಲ್ಲದಿದ್ದರೂ ಊಟದ ನಂಬಿಕೆ ಇದ್ದ ಮಚ್ಚೇಂದ್ರ ಹೋದ. ವಾಪಸು ಬರುವಾಗ ರೇಡಿಯೇಟರ್ ಸಣ್ಣಗೆ ಸೋರತೊಡಗಿತು. ಬಿಸಿಲು, ಸುತ್ತ ಒಂದು ಅಂಗಡಿ ಇಲ್ಲ, ಕಾರಿನಲ್ಲಿ ಎಂಟು ಜನ. ಮಚ್ಚೇಂದ್ರ ನಗುತ್ತ, “ಅವ್ವಾರ, ದೇವರಿಗಿ ಹಾರ್ಸಿ ಉಳಿದ ಭಂಡಾರ ಅದಲ್ಲ, ಜರಾ ಕೊಡ್ರಿ,” ಎಂದಿದ್ದ. ಮೈಲಾರನ ಭಂಡಾರವೆಂದರೆ ಅಪ್ಪಟ ಅರಿಶಿನದ ಪುಡಿ. ತುಳಜಾಬಾಯಿ ಅವನ ಕೈ ಮುಟ್ಟದ ಹಾಗೆ ಮೇಲಿನಿಂದ ಬೊಗಸೆಗೆ ಸುರಿದಳು. ಅದು ಅವಳ ರೂಢಿ, ಇವನಿಗೂ ರೂಢಿಯೇ. ಅವನು ಒಂದು ಚಿಟಿಕೆ ರೇಡಿಯೇಟರಿಗೆ ಹಾಕಿದ. ಪುಡಿ ನೀರಿನಲ್ಲಿ ಉಬ್ಬಿ ಸಣ್ಣ ತೂತಿಗೆ ಕೂತಿತು, ಸೋರುವುದು ನಿಂತಿತು. ಎಂಟು ಜನ ಬೆರಗಾಗಿ ನೋಡಿದರು. ತುಳಜಾಬಾಯಿ ಕಾರಿಗೆ ಕೈಮುಗಿದಳು. ಮಿಸ್ತ್ರಿಗೆ ಹೊಗಳಿಕೆ ಸಿಕ್ಕರೆ ಬುದ್ಧಿ ಅರ್ಧ ದಿನ ರಜೆ ಹಾಕುತ್ತದೆ. “ಎಂಥಾ ಸೋರಿಕಿ ಇದ್ರೂ ಇದು ಹಾಕ್ರಿ ಅವ್ವಾರ, ನಿಲ್ತದ,” ಎಂದುಬಿಟ್ಟಿದ್ದ.

“ಹಿಂಗ್ಯಾಕ ಕುಂತ್ರಿ?” ಎಂದಳು ದ್ರೌಪತಿ. “ನಿಮ್ಮ ಕೈಯಿಂದ ಆಗಿಲ್ಲ ಅಂತ ಗೊತ್ತಾಯ್ತಲ್ಲ. ಇದನ್ನೇ ಒಯ್ದು ನಾಕು ಮಂದಿ ಮುಂದ ಇಡ್ರಿ. ಆಕಿ ಹಾಕಿದ್ದು ಆಕಿನೇ ಉಣ್ಣಲಿ.”

“ಮಗನ ಕಣ್ಣು ಆಕಿನೇ ತಗದಾಳ ಅಂತ ಹೇಳಬೇಕೇನು?”

“ಮತ್ತ ನಾವು ಏನ್ ತಿನ್ನೂದು?” ದ್ರೌಪತಿ ಒಲೆ ಆರಿಸಿ ಒಳಗೆ ಹೋದಳು. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವನು ಹೆಂಟೆಯ ಚೂರನ್ನು ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡ.

ಶನಿವಾರ ಬಸ್ಸು ಹಿಡಿದು ಹುಮನಾಬಾದಿಗೆ ಹೋದ. ಸೈಫುದ್ದೀನ್ ಉಸ್ತಾದನಿಗೆ ಎಪ್ಪತ್ತು ದಾಟಿತ್ತು, ಕೈ ನಡುಗುತ್ತಿತ್ತು, ಕಾಯ್ದ ಬೆಸುಗೆ ಕಡ್ಡಿಯನ್ನು ಜಾಲಿಗೆ ಮುಟ್ಟಿಸುವಾಗ ಮಾತ್ರ ನಡುಗುತ್ತಿರಲಿಲ್ಲ. ಮಚ್ಚೇಂದ್ರ ಕೆಲಸ ಕಲಿತದ್ದು ಅವನ ಕೈ ಕೆಳಗೆ. ಊರೆಲ್ಲ ತನ್ನ ಮಾಲಿಗೆ ತುಕ್ಕು ಹಚ್ಚಿದ ಮಾತು ಮುದುಕನಿಗೂ ಮುಟ್ಟಿತ್ತು. ಅವನು ಕಾಗದ ಬಿಚ್ಚಿ ಚೂರನ್ನು ಉಗುರಿನಿಂದ ಕೆರೆದು ಮೂಸಿದ.

“ಕೂಲಂಟಿನಾಗ ಬಿದ್ರ ಅರಿಶಿಣ ಕೆಂಪಾಗ್ತದ,” ಎಂದ ಕೊನೆಗೆ. “ತುಕ್ಕು ಅಂದ್ರು ಮಂದಿ. ಬೇಟಾ, ಈ ಇಲಾಜ್ ನಾನೇ ನಿನಗ ಕಲಿಸಿದ್ದು. ಕಲಿಸಿದಾಗ ಏನಂದಿದ್ದೆ?”

“ಒಂದು ಚಿಟಿಕಿ. ಊರು ಮುಟ್ಟೂತನ ಅಷ್ಟೇ. ಮುಟ್ಟಿದ ಮ್ಯಾಲ ನೀರು ಪೂರಾ ಚೆಲ್ಲಿ ತೊಳೀಬೇಕು.”

“ಅಷ್ಟೂ ಆಕಿಗಿ ಹೇಳಿದ್ದಿಯೇನು?”

ಮಚ್ಚೇಂದ್ರ ಚೂರನ್ನು ಮತ್ತೆ ಕಾಗದದಲ್ಲಿ ಕಟ್ಟತೊಡಗಿದ.

“ಅರ್ಧಾ ಹೇಳಿದಿ,” ಎಂದ ಸೈಫುದ್ದೀನ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. “ನಾಳೆ ಹೋದಾಗ ಪೂರಾ ಹೇಳು. ಆಕಿ ಹಾಕಿದ್ದೂ ಹೇಳು, ನೀ ಕಲಿಸಿದ್ದೂ ಹೇಳು. ಸೈಫುದ್ದೀನನ ರೇಡಿಯೇಟರ್ ಸೋರಿಲ್ಲ ಅಂತ ಅದೂ ಹೇಳು. ನನಗ ಇನ್ನ ಎಷ್ಟು ದಿನ ಅದ.”

ಹೇಳುತ್ತೇನೆ ಎಂದು ಮಚ್ಚೇಂದ್ರ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಧೈರ್ಯ ಬಂತು. ಅರ್ಧ ತಪ್ಪು ತನ್ನದು, ಅರ್ಧ ಅವಳದು. ಅರ್ಧ ತಪ್ಪಿಗೆ ಲೈನಿನವರು ಇಡೀ ಶೆಡ್ಡು ಮುಚ್ಚಿಸುವುದಿಲ್ಲ. ಬಸ್ಸಿನಲ್ಲಿ ಕೂತು ಆಡಬೇಕಾದ ಮಾತನ್ನು ನಾಲ್ಕು ಸಲ ಮನಸ್ಸಿನಲ್ಲೇ ಆಡಿ ನೋಡಿದ.

ಭಾನುವಾರ ಅವನು ನಿರ್ಣಾ ಮುಟ್ಟಿದಾಗ ಬಕ್ಕಪ್ಪ ಇನ್ನೂ ಬಂದಿರಲಿಲ್ಲ. ಲೈನಿನ ಮೂವರು ಡ್ರೈವರುಗಳು ಬಾಗಿಲ ಹೊರಗೆ ನಿಂತು ಮೊಬೈಲ್ ನೋಡುತ್ತಿದ್ದರು, ಇವನನ್ನು ನೋಡಿದರೂ ನೋಡದ ಹಾಗೆ ಇದ್ದರು. ಅಂಗಳದ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕಿರಣ ಮಲಗಿದ್ದ. ಕಣ್ಣಿನ ಮೇಲೆ ಹತ್ತಿ, ಅದರ ಮೇಲೆ ಪಟ್ಟಿ. ಕೆನ್ನೆ, ಹಣೆಯ ಚರ್ಮ ಅಲ್ಲಲ್ಲಿ ಸುಲಿದು ಎಳೆಗೂಸಿನ ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡಿ ಮಚ್ಚೇಂದ್ರನಿಗೆ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

ತುಳಜಾಬಾಯಿ ನೀರು ತಂದು ಕಟ್ಟೆಯ ಮೇಲೆ ಇಟ್ಟಳು. ಹದಿನಾರು ದಿನಕ್ಕೆ ಹತ್ತು ವರ್ಷ ವಯಸ್ಸಾದವಳಂತೆ ಕಂಡಳು. ಅವನು ಹೆದರಿದ ಹಾಗೆ ಅವಳು ಬೈಯಲಿಲ್ಲ.

“ಬಂದ್ಯಾ ಮಚ್ಚೇಂದ್ರ. ನಮ್ಮಣ್ಣ ಏನರೆ ಅಂದಿರಬೇಕು ನಿನಗ, ಮನಸಿಗಿ ಹಚ್ಕೋಬ್ಯಾಡ. ನನಗ ನಿನ್ನ ಮ್ಯಾಲ ಏನೂ ಇಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡು ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. “ನೀ ಅವತ್ತು ಹೇಳಿದ್ದು ನೆನಪಿಟ್ಟಿದ್ದೆ ನೋಡು. ರಿಪೇರಿ ಮಾಡಿಸ್ಕೊಂಡು ಬಂದ ಮರುದಿನ ಮುಂಜಾನಿ ಕಾರಿನ ಬುಡಕ ನೀರು ಹನಿಯಾಕತ್ತಿತ್ತು. ಅಂವ ಜಳಕಕ್ಕ ಹೋಗಿದ್ದ. ಎರಡು ಬೊಗಸಿ ಭಂಡಾರ ಹಾಕ್ದೆ, ಮಲ್ಲಣ್ಣನ ಹೆಸರು ತಗೊಂಡು. ಅಂವಗೂ ಹೇಳಿಲ್ಲ. ಅದು ಇದ್ದಿದ್ದಕ್ಕ ಬರೇ ಕಣ್ಣು ಹೋದು, ಮಗ ಉಳದ. ಇಲ್ಲಂದ್ರ ಜೀವಾನೇ ಹೋಗ್ತಿತ್ತು. ಹೌದಿಲ್ಲೋ?”

ಎರಡು ಬೊಗಸೆ. ಮಚ್ಚೇಂದ್ರನ ಜೇಬಿನಲ್ಲಿದ್ದ ಕಾಗದದ ಗಂಟು ತೊಡೆಗೆ ಒತ್ತುತ್ತಿತ್ತು. ಅವನು ಕಟ್ಟೆಯ ಮೇಲಿನ ನೀರೆತ್ತಿ ಕುಡಿದ.

“ಕಾರು ಮಾರಬೇಕು ಅಂತಾನ ನಮ್ಮಣ್ಣ. ಯಾರರೆ ತಗೊಳ್ಳಿ, ಅವರೂ ಯಾರದರೆ ಮಕ್ಕಳೇ ಅಲ್ಲೇನು. ನಿಲ್ಲು, ಒಂದಿಷ್ಟು ಕೊಡ್ತೀನಿ, ನೀ ಸರಿ ಮಾಡುವಾಗ ಹಾಕು.” ಅವಳು ಒಳಗೆ ಹೋದಳು.

ಅವಳ ಹೆಜ್ಜೆ ಸಪ್ಪಳ ದೂರವಾಗುವ ತನಕ ಕಿರಣ ಕಾದ. ಆಮೇಲೆ ಹೊರಸಿನ ಹಗ್ಗವನ್ನು ಬೆರಳಿನಿಂದ ತಡವುತ್ತ ಕರೆದ.

“ಮಿಸ್ತ್ರಿ, ಸೆನ್ಸರ್ ಬಿಚ್ಚಿ ನೋಡ್ದ್ಯಾ?”

“ನೋಡ್ದೆ.”

“ಮುಳ್ಳು ಕೆಳಗೇ ಇತ್ತು. ನೀ ಹೇಳ್ದಂಗ ನೋಡೇ ತಗದೆ.” ಅವನ ಬೆರಳು ಹಗ್ಗದ ಗಂಟೊಂದರ ಮೇಲೆ ನಿಂತಿತು. “ನೀರು ಮಾರಿಗಿ ಹೊಡೀತಲ್ಲ, ಆವಾಗ ಅರಿಶಿಣದ ವಾಸನಿ ಬಂತು. ದವಾಖಾನ್ಯಾಗ ಮಲ್ಕೊಂಡು ಅದೊಂದೇ ವಿಚಾರ ಮಾಡ್ದೆ. ಈಗ ಅವ್ವ ಹೇಳಿದ್ದು ನಾನೂ ಕೇಳ್ದೆ.”

“ಕಿರಣ…”

“ಅವ್ವಗ ಗೊತ್ತಾಗಬಾರದು. ಗೊತ್ತಾದ್ರ ಆಕಿ ಉಳಿಯಂಗಿಲ್ಲ, ಬಾವಿ ಇಲ್ಲೇ ಹಿತ್ತಲದಾಗ ಅದ. ನನಗ ಅನ್ನ ಕಲಸಿ ಬಾಯಾಗ ಇಡೂ ಕೈ ಅದೊಂದೇ ಉಳದದ. ನಿನ್ನ ಹೊಟ್ಟಿ ಮ್ಯಾಲ ಬೀಳ್ತದ, ಗೊತ್ತದ ನನಗ. ಕೈಮುಗೀತೀನಿ ಮಿಸ್ತ್ರಿ.” ಅವನು ನಿಜಕ್ಕೂ ಕೈಮುಗಿದ. ಮಚ್ಚೇಂದ್ರ ಇದ್ದದ್ದು ಅವನ ಎಡಕ್ಕೆ, ಕೈಮುಗಿದದ್ದು ಬೇವಿನ ಗಿಡಕ್ಕೆ.

ತುಳಜಾಬಾಯಿ ಹಳೆಯ ಪಂಚಾಂಗದ ಹಾಳೆಯಲ್ಲಿ ಕಟ್ಟಿದ ಪುಡಿಕೆ ತಂದಳು. ಅದನ್ನು ಮೇಲಿನಿಂದ ಹಾಕಲಿಲ್ಲ. ಮಚ್ಚೇಂದ್ರನ ಅಂಗೈಯಲ್ಲಿಟ್ಟು, ತನ್ನ ಎರಡೂ ಕೈಯಿಂದ ಅವನ ಬೆರಳು ಮಡಚಿದಳು. ಅವಳ ಕೈ ಒರಟಾಗಿ ಬೆಚ್ಚಗಿತ್ತು. ಇಷ್ಟು ವರ್ಷದಲ್ಲಿ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು.

ಅಷ್ಟರಲ್ಲಿ ಬಕ್ಕಪ್ಪನ ಗಾಡಿ ಬಂತು. ಡ್ರೈವರುಗಳು ಅವನ ಹಿಂದೆ ಒಳಗೆ ಬಂದರು. ಬಕ್ಕಪ್ಪ ಕಟ್ಟೆಯ ಮೇಲೆ ಕೂತು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟು ಕೇಳಿದ. “ಹೇಳು. ಯಾರ್ದು ಗಲ್ತಿ? ಮುದುಕ ಹಳೇ ಮಾಲು ಹಾಕಿದ್ನೇನು?”

“ಇಲ್ರಿ. ಉಸ್ತಾದ್ರ ಕೆಲಸ ಚೊಕ್ಕ ಅದ. ರೇಡಿಯೇಟರ್ ಸೋರಿಲ್ಲ, ತುಕ್ಕೂ ಹಿಡಿದಿಲ್ಲ.”

“ಮತ್ತ?”

ಕಿರಣ ತಲೆ ಎತ್ತಿ ಕೇಳುತ್ತಿದ್ದ. ತುಳಜಾಬಾಯಿ ಕಂಬಕ್ಕೆ ಒರಗಿ ನಿಂತಿದ್ದಳು. ಮಚ್ಚೇಂದ್ರ ನೆಲ ನೋಡಿದ.

“ನಂದೇ ಗಲ್ತಿರಿ. ಮುಳ್ಳು ಏಳವಲ್ದು ಅಂತ ಬುಧವಾರ ಕಿರಣ ಬಂದಿದ್ದ. ಸೆನ್ಸರ್ ಬಿಚ್ಚಿ ನೋಡಿದ್ರ ತಿಳೀತಿತ್ತು. ಬಿಚ್ಚಲಿಲ್ಲ. ಓಡಿಸು, ಏನೂ ಆಗಂಗಿಲ್ಲ ಅಂದು ಕಳಿಸ್ದೆ.”

ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಇಡೀ ಸತ್ಯವನ್ನು ಹೇಳಲು ಬಂದವನು ತನ್ನ ಪಾಲಿನ ಸತ್ಯವನ್ನಷ್ಟೇ ಹೇಳಿದ. ಹೇಳಿದ ಮೇಲೆ, ಯಾರನ್ನೋ ಉಳಿಸಿದೆ ಎಂಬ ದೊಡ್ಡತನ ಅವನಿಗೆ ಅನ್ನಿಸಲಿಲ್ಲ. ಬುಧವಾರದ ಆ ಐದು ನಿಮಿಷ ಮಾತ್ರ ಕಣ್ಣ ಮುಂದೆ ನಿಂತಿತ್ತು.

ಬಕ್ಕಪ್ಪ ಟೋಪಿ ಹಾಕಿಕೊಂಡ. “ಕೇಳಿದ್ರಲ್ಲ,” ಎಂದ ಡ್ರೈವರುಗಳಿಗೆ. “ನಾಳಿಂದ ಗಾಡಿ ಬ್ಯಾರೆ ಕಡಿ ಒಯ್ರಿ. ಆ ಕಾರೂ ಎಳಕೊಂಡು ಬರ್ರಿ.” ಅವರಲ್ಲಿ ಒಬ್ಬ, ನಿನ್ನೆ ಮೊನ್ನೆಯ ತನಕ ಶೆಡ್ಡಿನಲ್ಲಿ ಕೂತು ಚಹಾ ಕುಡಿಯುತ್ತಿದ್ದವನು, ಪಿಚಕ್ಕನೆ ಉಗುಳಿ ಹೊರಗೆ ನಡೆದ.

ತುಳಜಾಬಾಯಿ ಕಂಬ ಬಿಟ್ಟು ಮುಂದೆ ಬಂದಳು. ಅವಳ ಮುಖ ಗುರುತು ಸಿಗದಂತಾಗಿತ್ತು.

“ಬಿಚ್ಚಿ ನೋಡಲಿಲ್ಲ,” ಎಂದಳು. “ನನ್ನ ಮಗ ನಿನ್ನ ಬಾಗಿಲಿಗಿ ಬಂದು ಕೇಳ್ದ, ನೀ ಬಿಚ್ಚಿ ನೋಡಲಿಲ್ಲ. ನಾ ನಿನ್ನ ಮಾತು ದೇವರ ಮಾತು ಅಂತ ಇಟ್ಕೊಂಡಿದ್ದೆ. ನಿನ್ನ ಕೈ ಸೇದಿ ಹೋಗ್ಲಿ. ನಿನ್ನ ಮನ್ಯಾಗೂ ಹಿಂಗೇ ಕತ್ತಲಾಗ್ಲಿ.”

ಹೊರಸಿನ ಮೇಲೆ ಕಿರಣನ ಕೈ ಹಗ್ಗವನ್ನು ಬಿಗಿಯಾಗಿ ಹಿಡಿದಿತ್ತು.

“ಆ ಪುಡಿಕಿ ಇಲ್ಲಿ ಕೊಡು,” ಎಂದಳು ತುಳಜಾಬಾಯಿ. ಮಚ್ಚೇಂದ್ರ ಕೈ ಚಾಚಿದ. ಅವಳು ಹಿಂದೆ ಸರಿದಳು. “ಕೈಯಾಗ ಬ್ಯಾಡ. ಕೆಳಗ ಇಡು.”

ಅವನು ಪುಡಿಕೆಯನ್ನು ಕಟ್ಟೆಯ ತುದಿಯಲ್ಲಿಟ್ಟು ನಾಲ್ಕು ಹೆಜ್ಜೆ ದೂರ ಹೋಗಿ ನಿಂತ. ಅವನು ದೂರ ಹೋದ ಮೇಲೆಯೇ ಅವಳು ಬಂದು ಎತ್ತಿಕೊಂಡು, ಗಂಟು ಬಿಚ್ಚಿ, ಒಂದು ಚಿಟಿಕೆ ತೆಗೆದು ಮಗನ ಹಣೆಯ ಮೇಲಿನ ಸುಲಿದ ಚರ್ಮಕ್ಕೆ ಮೆತ್ತಗೆ ಹಚ್ಚಿದಳು. ವಾಸನೆಗೆ ಕಿರಣನ ಮೈ ಒಮ್ಮೆ ನಡುಗಿತು. ಅವನು ಮುಖ ತಿರುಗಿಸಲಿಲ್ಲ.

“ಅವ್ವಾ, ಮಿಸ್ತ್ರಿ ಹೋದ್ನೇನು?” ಎಂದು ಕೇಳಿದ.

“ಹೋದ,” ಎಂದಳು ತುಳಜಾಬಾಯಿ.

ಮಚ್ಚೇಂದ್ರ ಇನ್ನೂ ಅಲ್ಲೇ ನಿಂತಿದ್ದ.